ದೆವ್ವದ ಮನೆ ನೋಡೋಕೆ ಹೋಗ್ತೀರಾ? ಮೊದಲು ಹಗಲಲ್ಲಿ ಹೋಗಿ

ತೀರ್ಥಹಳ್ಳಿ, ಹೊಸನಗರ ಕಡೆ "ಆ ಮನೇಲಿ ಏನೋ ಇದೆಯಂತೆ" ಅನ್ನಿಸಿಕೊಂಡ ಮನೆಗಳಿಗೆ ಬರ ಇಲ್ಲ. ಪರಿಚಯದವರು ಯಾರಾದರೂ "ಒಂದ್ಸಲ ಬಂದು ನೋಡ್ರೋ" ಅಂದರೆ ಹುಡುಗರು ಮೊದಲು ಹುಡುಕುವುದು ಅಮಾವಾಸ್ಯೆ ಯಾವತ್ತು ಅಂತ. ನಾನೂ ಹಾಗೇ ಮಾಡಿದ್ದೆ. ರಾತ್ರಿಯೆಲ್ಲ ಕೂತು, ಬೆಳಿಗ್ಗೆ ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಕಿತ್ತುಕೊಂಡು ವಾಪಸ್ ಬಂದಿದ್ದಷ್ಟೇ. ರಾತ್ರಿ ಕೂರುವುದು ಕೊನೆಯ ಕೆಲಸ.

ಕರೆದವರು ಆ ಮನೆಯ ಯಜಮಾನರೇನಾ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಪಾಲಿನ ಜಗಳ ಇರುವ ಮನೆಯಾದರೆ ಎಲ್ಲರ ಒಪ್ಪಿಗೆ ಬೇಕು, ಇಲ್ಲದಿದ್ದರೆ ದೆವ್ವಕ್ಕಿಂತ ಮುಂಚೆ ದಾಯಾದಿಗಳು ಬರುತ್ತಾರೆ. ಮನೆಗೆ ಕೆಟ್ಟ ಹೆಸರು ಬಂದರೆ ಅದನ್ನು ಅಗ್ಗಕ್ಕೆ ಕೊಳ್ಳೋಕೆ ಕಾದಿರುವವರು ಯಾರಾದರೂ ಇದ್ದಾರಾ ಅನ್ನುವುದನ್ನೂ ಸುಮ್ನೆ ಕಿವಿಗೆ ಹಾಕಿಕೊಂಡಿರಿ.

ಮನೆಯವರ ಹತ್ತಿರ ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ ಮಾತಾಡಿ. ಜಗಲಿಯಲ್ಲಿ ಎಲ್ಲರೂ ಒಟ್ಟಿಗೆ ಕೂತರೆ ಅಜ್ಜಿ ಹೇಳಿದ್ದೇ ಎಲ್ಲರಿಗೂ ಕಂಡಿರುತ್ತದೆ. "ಬಿಳಿ ಸೀರೆನಾ?" ಅಂತ ನೀವೇ ಬಾಯಿಗೆ ಮಾತು ಹಾಕಬೇಡಿ. ಆಮೇಲೆ ಒಂದು ನೋಟ್‌ಬುಕ್ ಕೊಟ್ಟು ಬನ್ನಿ. ಏನಾದರೂ ಕೇಳಿಸಿದ ಕೂಡಲೇ ತಾರೀಕು, ಗಂಟೆ, ಯಾವ ಕೋಣೆ, ಮಳೆ ಇತ್ತಾ, ಕರೆಂಟ್ ಇತ್ತಾ, ಒಲೆ ಉರೀತಿತ್ತಾ, ಇಷ್ಟು ಬರೆದರೆ ಸಾಕು. ಎರಡು ವಾರ. ನನ್ನ ಮಟ್ಟಿಗೆ ದೆವ್ವ ಹುಡುಕುವವರು ಹಿಡಿದು ತಿರುಗುವ ಎಷ್ಟೇ ದುಬಾರಿ ಮೀಟರ್ ತಂದರೂ ಈ ಪುಸ್ತಕದಷ್ಟು ಕೆಲಸಕ್ಕೆ ಬರುವುದಿಲ್ಲ. ಯಾಕೆಂದರೆ "ದಿನಾ ಆಗುತ್ತೆ" ಅಂದಿದ್ದು ಬರೆದು ನೋಡಿದರೆ ವಾರಕ್ಕೆರಡು ಸಲ, ಅದೂ ರಾತ್ರಿ ಒಂಬತ್ತರ ಸುಮಾರಿಗೆ, ಅಟ್ಟದ ಒಂದೇ ಮೂಲೆಯಲ್ಲಿ ಅಂತ ಗೊತ್ತಾಗುತ್ತದೆ.

ಅಟ್ಟದ ಮೇಲೆ ಹೆಜ್ಜೆ ಸಪ್ಪಳ ಅಂದರೆ ಬಚ್ಚಲ ಒಲೆಯ ಬೂದಿ ತಂದು, ಜರಡಿ ಹಿಡಿದು, ಹಲಗೆ ಮೇಲೆ ತೆಳ್ಳಗೆ ಹರಡಿ. ಕೋಣಂದೂರು ಕಡೆಯ ಒಂದು ಮನೆಯಲ್ಲಿ ಮೂರನೇ ದಿನ ಐದು ಬೆರಳಿನ ಪುಟ್ಟ ಹೆಜ್ಜೆ ಮೂಡಿತ್ತು. ಮನೆಯವರು ಮಗುವಿನ ಹೆಜ್ಜೆ ಅಂತ ಬೆವತು ಹೋದರು. ಮನೆ ಬೆಕ್ಕಿನ ಹೆಜ್ಜೆಯಲ್ಲಿ ನಾಲ್ಕೇ ಬೆರಳು ಮೂಡುತ್ತವೆ, ಬೆಕ್ಕಿನ ಹಾಗಿರುವ ಕಾಡುಪ್ರಾಣಿ ಕಬ್ಬೆಕ್ಕಿನದರಲ್ಲಿ ಐದು. ಪಕ್ಕದಲ್ಲೇ ಹಣ್ಣಿನ ಬೀಜ ತುಂಬಿದ ಹಿಕ್ಕೆಯೂ ಬಿದ್ದಿತ್ತು, ಹೆಂಚು ಸರಿದ ಜಾಗದಿಂದ ಅದು ಆರಾಮಾಗಿ ಓಡಾಡುತ್ತಿತ್ತು. ಬೂದಿ ಹಾಕಿದ ಮೇಲೆ ಯಾರೂ ಹತ್ತದ ಹಾಗೆ ಏಣಿ ತೆಗೆದಿಡಿ. ಇಲ್ಲದಿದ್ದರೆ ಅಳಿಯನ ಹೆಜ್ಜೆಯೇ ಸಿಗುತ್ತದೆ.

ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬುತ್ತದೆ, ಬಾಗಿಲು ಬಿಗಿಯಾಗುತ್ತದೆ, ಬಿಸಿಲಿಗೆ ಮತ್ತೆ ಸಡಿಲವಾಗುತ್ತದೆ. ತೊಲೆ ಲಟಲಟ ಅನ್ನುವುದು ಇದಕ್ಕೇ. ಹೊರಗೆ ನಾಯಿಯಲ್ಲದ ನಾಯಿ ಬೊಗಳಿದರೆ ಅದು ಕಾಡುಕುರಿ ಇರಬಹುದು, ನಾಯಿಯ ಹಾಗೆ ಕೂಗುವ ಸಣ್ಣ ಜಿಂಕೆ. ಸೌದೆ ರಾಶಿಯಲ್ಲಿ ಮಂದ ಹಸಿರು ಬೆಳಕು ಕಂಡರೆ ಓಡಬೇಡಿ, ಕೊಳೆತ ಮರದ ಮೇಲೆ ಹೊಳೆಯುವ ಅಣಬೆ ನಮ್ಮ ಘಟ್ಟದಲ್ಲಿ ಇದೆ.

ಒಂದು ವಿಷಯ ಮಾತ್ರ ತಮಾಷೆಯಲ್ಲ. ಹೊಗೆ. ಜಡಿಮಳೆಯಲ್ಲಿ ಕಿಟಕಿ ಬಾಗಿಲು ಹಾಕಿಕೊಂಡು, ಕೆಂಡದ ಅಗ್ಗಿಷ್ಟಿಕೆ ಕೋಣೆಯೊಳಗಿಟ್ಟು ಮಲಗುವ ಮನೆಗಳಿವೆ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. 1921ರಲ್ಲಿ ಅಮೆರಿಕದ ಕಣ್ಣಿನ ವೈದ್ಯ ವಿಲಿಯಂ ವಿಲ್ಮರ್ ಒಂದು ಕುಟುಂಬದ ಕಥೆ ಬರೆದರು. ಹಳೇ ಮನೆಗೆ ಬಂದ ಮೇಲೆ ಅವರಿಗೆ ತಲೆನೋವು, ಸುಸ್ತು, ರಾತ್ರಿ ಹೆಜ್ಜೆ ಸದ್ದು, ಯಾರೋ ನಿಂತ ಹಾಗೆ ಕಾಣುವುದು. ಕೊನೆಗೆ ನೋಡಿದರೆ ಮನೆ ಬಿಸಿ ಮಾಡುವ ಒಲೆ ಕೆಟ್ಟು, ಈ ವಿಷಗಾಳಿ ಮನೆಯೊಳಗೆ ಸೇರುತ್ತಿತ್ತು. ಹಾಗಾಗಿ ಬೆಳಿಗ್ಗೆ ಎದ್ದಾಗ ತಲೆ ಸಿಡಿಯುತ್ತದಾ, ವಾಂತಿ ಬಂದ ಹಾಗಾಗುತ್ತದಾ, ತೋಟಕ್ಕೆ ಹೋದರೆ ಸರಿಹೋಗುತ್ತದಾ ಅಂತ ಕೇಳಲೇಬೇಕು. ಹೌದು ಅಂದರೆ ಅವತ್ತಿಗೆ ತನಿಖೆ ಮುಗಿಯಿತು. ಬೆಂಕಿ ಆರಿಸಿ, ಬಾಗಿಲು ತೆರೆದು, ಎಲ್ಲರನ್ನೂ ಹೊರಗೆ ಕರೆದುಕೊಂಡು ಆಸ್ಪತ್ರೆಗೆ ಹೊರಡಿ.

ಮೀಟರ್ ಬೇಕೇ ಬೇಕು ಅನ್ನುವವರಿಗೆ ಎರಡು ಮಾತು. ಕೆ2 ಮೀಟರ್ ಅಳೆಯುವುದು ವಿದ್ಯುತ್ಕಾಂತ ಕ್ಷೇತ್ರವನ್ನು, ದೆವ್ವವನ್ನಲ್ಲ. ಹಳೇ ವೈರಿಂಗ್, ಇನ್ವರ್ಟರ್, ನಿಮ್ಮದೇ ಮೊಬೈಲ್, ಯಾವುದಕ್ಕೂ ದೀಪ ಹತ್ತುತ್ತದೆ, ಆದ್ದರಿಂದ ಮೊದಲು ಮೇನ್, ಇನ್ವರ್ಟರ್ ಎರಡೂ ಆಫ್ ಮಾಡಿ, ಎಲ್ಲರ ಫೋನೂ ಏರೋಪ್ಲೇನ್ ಮೋಡ್‌ಗೆ ಹಾಕಿ. ಫೋಟೋದಲ್ಲಿ ತೇಲುವ ಬಿಳಿ ಗುಂಡುಗಳು ಫ್ಲಾಶ್ ಬೆಳಕು ಬಿದ್ದ ಧೂಳು, ಮಳೆ ಹನಿ. ಆಗುಂಬೆಯಲ್ಲಿ ಜುಲೈನಲ್ಲಿ ಫೋಟೋ ತೆಗೆದರೆ ಅಂಗಳದ ತುಂಬಾ ಆತ್ಮಗಳೇ!

ರಾತ್ರಿ ಕೂರುವ ದಿನ ಮೂರ್ನಾಲ್ಕು ಜನ ಸಾಕು, ಒಬ್ಬರು ಮನೆಯವರೇ ಇರಲಿ. ಎಲ್ಲರ ಗಡಿಯಾರ ಸರಿಮಾಡಿಕೊಂಡು, ರೆಕಾರ್ಡರ್ ಹಾಕಿ, ಜಾಗ ಬಿಟ್ಟು ಕದಲಬೇಡಿ. ನೀವು ಮಾಡಿದ ಪ್ರತಿ ಸದ್ದನ್ನೂ ಆಗಲೇ ಬಾಯಿಬಿಟ್ಟು ಹೇಳಿ: "ಈಗ ಕೆಮ್ಮಿದ್ದು ನಾನು", "ಅದು ನನ್ನ ಹೊಟ್ಟೆ". ನಾಚಿಕೆ ಬಿಡಿ, ಇಲ್ಲದಿದ್ದರೆ ಮರುದಿನ ರೆಕಾರ್ಡಿಂಗ್ ಕೇಳುವಾಗ ನಿಮ್ಮ ಹೊಟ್ಟೆಯೇ ನಿಮ್ಮನ್ನು ಹೆದರಿಸುತ್ತದೆ. ಟಾರ್ಚ್ ಇಲ್ಲದೆ ಅಂಗಳಕ್ಕೂ ಇಳಿಯಬೇಡಿ, ಹಾವಿದೆ. ನವೆಂಬರ್‌ನಿಂದ ಮೇವರೆಗೆ ಕಾಡಂಚಿನ ತರಗೆಲೆಯಲ್ಲಿ ಸುತ್ತಬೇಡಿ, ಉಣುಗು ಕಚ್ಚಿದರೆ ಮಂಗನ ಕಾಯಿಲೆ ಬರಬಹುದು.

ಹಿತ್ತಿಲಲ್ಲಿ ಚೌಡಿ ಬನವೋ ಭೂತನ ಕಲ್ಲೋ ಇದ್ದರೆ ಚಪ್ಪಲಿ ಬಿಟ್ಟು, ದೂರದಿಂದ ಕೈಮುಗಿದು ಬನ್ನಿ. ಅದು ಆ ಮನೆಯವರ ನಂಬಿಕೆ, ಅಲ್ಲಿ ಮೀಟರ್ ಹಿಡಿಯುವುದು ಮರ್ಯಾದೆ ಅಲ್ಲ.

ಮನೆಯಲ್ಲಿ ಒಬ್ಬರಿಗೆ ಮಾತ್ರ, ನಿದ್ದೆಯಿಂದ ಎಚ್ಚರವಾಗುವಾಗ, ಎದೆ ಮೇಲೆ ಯಾರೋ ಕೂತ ಹಾಗಾಗಿ ಕೈಕಾಲು ಆಡದೆ ಹೋಗುತ್ತದೆ ಅಂದರೆ ಅದು ನಿದ್ರಾ ಪಾರ್ಶ್ವವಾಯು ಇರಬಹುದು. ಹೆಸರು ಭಯಂಕರ, ಆದರೆ ಒಂದೆರಡು ನಿಮಿಷದಲ್ಲಿ ತಾನಾಗೇ ಬಿಡುತ್ತದೆ, ಪದೇ ಪದೇ ಆದರೆ ಡಾಕ್ಟರ್‌ಗೆ ತೋರಿಸಲಿ. ದೆವ್ವ ಬಿಡಿಸುತ್ತೇವೆ ಅಂತ ಅವರನ್ನು ಹೊಡೆಯೋಕೆ ಯಾರಾದರೂ ಬಂದರೆ, ನಮ್ಮ ರಾಜ್ಯದ 2017ರ ವಾಮಾಚಾರ ತಡೆ ಕಾಯ್ದೆಯಡಿ ಅದು ಅಪರಾಧ ಅಂತ ನೇರವಾಗಿ ಹೇಳಿ.

ಕೊನೆಗೆ ಒಂದೇ ಹಾಳೆಯಲ್ಲಿ ಸಿಕ್ಕಿದ್ದೇನು, ಗೊತ್ತಾಗದೇ ಉಳಿದದ್ದೇನು ಅಂತ ಬರೆದು ಮನೆಯವರ ಕೈಗೆ ಕೊಡಿ. ಮನೆ ಗುರುತು ಸಿಗುವ ವಿಡಿಯೋ ಎಲ್ಲೂ ಹಾಕಬೇಡಿ, ಆ ಮನೆಯ ಮಕ್ಕಳು ನಾಳೆ ಶಾಲೆಗೆ ಹೋಗಬೇಕು. ಬೇಸಿಗೆಯಲ್ಲಿ ನೋಡಿ ಬಂದ ಮನೆಯಾದರೆ ಜೂನ್ ಮಳೆ ಹಿಡಿದ ಮೇಲೆ ಒಂದು ಫೋನ್ ಮಾಡಿ. ನಿಂತಿದ್ದ ಸದ್ದು ಆಗ ಮತ್ತೆ ಶುರುವಾಗಿರಬಹುದು.