ಕೊಡಗಿನಲ್ಲಿ ರೈಫಲ್ ಲೈಸೆನ್ಸ್: ಅರ್ಜಿ ಬರೆಯುವ ಮುಂಚೆ ಕಾರಣ ಗಟ್ಟಿ ಮಾಡಿಕೊಳ್ಳಿ

‘ಕೊಡಗಿನಲ್ಲಿ ಕೋವಿಗೆ ಲೈಸೆನ್ಸ್ ಬೇಕಿಲ್ಲ ಅಲ್ವಾ?’ ಹೊರಗಿನವರಷ್ಟೇ ಅಲ್ಲ, ಇಲ್ಲೇ ತಲೆಮಾರಿನಿಂದ ತೋಟ ಮಾಡಿಕೊಂಡಿರುವವರೂ ಇದನ್ನು ಕೇಳುತ್ತಾರೆ. ಕೆಲವರಿಗೆ ಬೇಕಿಲ್ಲ. ಉಳಿದವರಿಗೆ ಬೇಕೇ ಬೇಕು. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಂಡು ಸಿಕ್ಕಿಬಿದ್ದರೆ, ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ ಶಿಕ್ಷೆ ಕನಿಷ್ಠ 2 ವರ್ಷ ಜೈಲು. ಹಾಗಾಗಿ ನೀವು ಯಾವ ಗುಂಪಿನವರು ಅನ್ನುವುದು ಮೊದಲು ತಿಳಿಯಲಿ.

ವಿನಾಯಿತಿ ಯಾರಿಗೆ?

1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಶುರುವಾದ ವಿನಾಯಿತಿ ಇಂದಿಗೂ ನಡೆದುಬಂದಿದೆ. ಕೊಡವ ಜನಾಂಗದವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ವಿಶೇಷ ಹಕ್ಕಿನ ಜಮೀನು) ಹಿಡುವಳಿದಾರರಿಗೆ ಇದು ಅನ್ವಯಿಸುತ್ತದೆ. ಕೇಂದ್ರ ಸರ್ಕಾರ 2019ರ ಅಕ್ಟೋಬರ್‌ನಲ್ಲಿ ಇದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಈ ಗುಂಪಿನವರು ಜಿಲ್ಲಾಧಿಕಾರಿ ಕಚೇರಿಯಿಂದ ವಿನಾಯಿತಿ ಪತ್ರ ಪಡೆದುಕೊಂಡರೆ ಸಾಕು. ಆದರೆ ಜಿಲ್ಲೆಯ ಗಡಿ ದಾಟುವಾಗ ಜಾಗ್ರತೆ. ಹೊರಗೆ ಒಯ್ಯಲು ಒಂದು ರೈಫಲ್‌ಗೆ 100 ಗುಂಡು, ಒಂದು ನಯನಳಿಗೆ ಕೋವಿಗೆ (ನಳಿಗೆಯ ಒಳಗೆ ರೈಫಲ್ಲಿನಂತೆ ಸುರುಳಿ ಗೀರು ಇಲ್ಲದ್ದು) 500 ತೋಟೆ ಎಂಬ ಮಿತಿ ಇದೆ.

ಜಮ್ಮಾ ಇಲ್ಲದ ಸಣ್ಣ ಬೆಳೆಗಾರರು, ತೋಟ ಗುತ್ತಿಗೆಗೆ ಹಿಡಿದವರು, ಆಚೆ ಊರಿನಿಂದ ಬಂದು ನೆಲೆಸಿದವರು ಎಲ್ಲರಂತೆ ಅರ್ಜಿ ಹಾಕಬೇಕು. ಪಕ್ಕದ ಮನೆಯ ಜಮ್ಮಾ ಕೋವಿಯನ್ನು ‘ಒಂದು ರಾತ್ರಿ ಗದ್ದೆ ಕಾಯೋಕೆ’ ಅಂತ ತಂದುಕೊಳ್ಳುವಂತಿಲ್ಲ. ವಿನಾಯಿತಿ ಇರುವುದು ಆ ವ್ಯಕ್ತಿಗೆ, ಕೋವಿಗಲ್ಲ.

ಒಂದು ಅರ್ಜಿ, ಒಂದು ಕಾರಣ

ಹೆಚ್ಚಿನ ಅರ್ಜಿಗಳು ಎಡವುವುದು ಇಲ್ಲೇ. ‘ನಮ್ಮ ತೋಟಕ್ಕೆ ಕಾಡುಪ್ರಾಣಿಗಳ ಕಾಟ ಜಾಸ್ತಿ ಇದೆ, ಜೊತೆಗೆ ಶೂಟಿಂಗ್‌ನಲ್ಲಿ ಆಸಕ್ತಿ ಇದೆ, ಆದ್ದರಿಂದ ರೈಫಲ್ ಲೈಸೆನ್ಸ್ ಕೊಡಬೇಕು’ ಅಂತ ಬರೆದರೆ ಓದುವ ಅಧಿಕಾರಿಗೆ ಎರಡು ಅರ್ಧ ಕಾರಣ ಸಿಗುತ್ತವೆ, ಒಂದೂ ಪೂರ್ತಿ ಸಿಗುವುದಿಲ್ಲ. ಕಾನೂನು ಈ ಎರಡನ್ನೂ ಬೇರೆ ಬೇರೆಯಾಗಿ ನೋಡುತ್ತದೆ.

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಓದಿ ನೋಡಿ. ಬೆಳೆ ರಕ್ಷಣೆಗೆ ಅಂತ ಅದು ಹೇಳುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಮಾದರಿಯ ಕೋವಿಯನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯನಳಿಗೆ ಕೋವಿ, ಅಂದರೆ ನಮ್ಮ ಕಡೆ ಬಳಕೆಯಲ್ಲಿರುವ (ಬೋರ್ ಅಂದರೆ ನಳಿಗೆಯ ಒಳ ಅಳತೆ) 12 ಬೋರ್‌ನಂಥದ್ದು, ಕೊಡಬಹುದು. ಗುರಿ ಅಭ್ಯಾಸಕ್ಕೆ .22 ಬೋರ್ ರೈಫಲ್ ಅಥವಾ ಏರ್ ರೈಫಲ್. ಅದೂ ಮಾನ್ಯತೆ ಪಡೆದ ರೈಫಲ್ ಕ್ಲಬ್ ಇಲ್ಲವೇ ಸಂಘದ ಸದಸ್ಯರಾಗಿದ್ದರೆ. ಇವೆರಡರ ಆಚೆ ಏನೇ ಕೇಳಿದರೂ, ಉದಾಹರಣೆಗೆ .315 ರೈಫಲ್, ‘ಸರಿಯಾದ ಕಾರಣ’ ಇದೆ ಎಂದು ನೀವೇ ತೋರಿಸಿಕೊಡಬೇಕು. ಒಪ್ಪುವುದು ಬಿಡುವುದು ಅಧಿಕಾರಿಗೆ ಬಿಟ್ಟದ್ದು. .303ರಂಥ ಸೇನೆಯ ಬೋರ್‌ಗಳು ನಿಷೇಧಿತ ಪಟ್ಟಿಯಲ್ಲಿವೆ, ಅದರ ಆಸೆ ಬಿಡಿ.

ಬರೀ ಬೆಳೆ ಕಾಯಲು ರೈಫಲ್ ಕೇಳಬೇಡಿ ಅಂತಲೇ ನಾನು ಹೇಳುತ್ತೇನೆ. ಕಾನೂನಿನ ಮಾತು ಹಾಗಿರಲಿ, ನಮ್ಮ ನೆಲವೇ ಅದಕ್ಕೆ ಹೊಂದುವುದಿಲ್ಲ. ಪುಟ್ಟದೆನಿಸುವ .22 ಗುಂಡು ಕೂಡ ಒಂದೂವರೆ ಕಿಲೋಮೀಟರ್ ದಾಟಿ ಹೋಗಬಲ್ಲದು. ನಮ್ಮ ಗದ್ದೆಯ ಏರಿ ಮೇಲೆ ನಿಂತು ನೋಡಿ: ಎದುರಿಗೆ ಕಾಫಿ ಗಿಡ, ಅದರಾಚೆ ಕಾರ್ಮಿಕರ ಲೈನ್ ಮನೆ, ಅದರಾಚೆ ರಸ್ತೆ. ಗಿಡದ ಮರೆಯಲ್ಲಿ ಏನಿದೆ ಅಂತ ಹಗಲಲ್ಲೇ ಕಾಣುವುದಿಲ್ಲ, ಇನ್ನು ರಾತ್ರಿ ಟಾರ್ಚ್ ಬೆಳಕಲ್ಲಿ ಕಂಡೀತೇ? ಹಂದಿ ಅಂದುಕೊಂಡು ಮನುಷ್ಯರಿಗೆ ಗುಂಡು ತಗುಲಿದ ಸುದ್ದಿ ನಮ್ಮ ಜಿಲ್ಲೆಗೆ ಹೊಸದಲ್ಲ. ರೈಫಲ್ ಬೇಕೇ ಬೇಕು ಅನ್ನುವವರು ಗುರಿ ಅಭ್ಯಾಸದ ದಾರಿಯಲ್ಲಿ ಹೋಗಿ. ಬೆಳೆಗೆ ಬೇಕಾದವರು ನಯನಳಿಗೆ ಕೋವಿಗೆ ಅರ್ಜಿ ಹಾಕಿ.

ಬೆಳೆ ರಕ್ಷಣೆಯ ಕಾರಣ ಹೀಗೆ ಬರೆಯಿರಿ

‘ಕಾಡುಪ್ರಾಣಿ ಕಾಟ’ ಎಂಬ ಎರಡು ಪದ ಸಾಲದು. ಯಾವ ಸರ್ವೆ ನಂಬರ್, ಎಷ್ಟು ಎಕರೆ, ಏನು ಬೆಳೆ, ಯಾವ ಪ್ರಾಣಿ, ಯಾವ ತಿಂಗಳು ಅಂತ ಬರೆಯಿರಿ. ಭತ್ತ ಹಾಲುಗಟ್ಟುವ ಹೊತ್ತಿಗೆ ಹಂದಿ ಹಿಂಡು ನುಗ್ಗಿದರೆ ತಿಂದದ್ದಕ್ಕಿಂತ ತುಳಿದು ಮಲಗಿಸಿದ್ದೇ ಜಾಸ್ತಿ. ಶುಂಠಿ, ಗೆಣಸು, ಬಾಳೆ ಬುಡ ಅಗೆದು ಹಾಕಿದ ಜಾಗದಲ್ಲಿ ಮಣ್ಣು ಉತ್ತ ಹಾಗೆ ತಿರುವಿರುತ್ತದೆ, ಅಂಚಿನ ಕೆಸರಿನಲ್ಲಿ ಗೊರಸಿನ ಗುರುತು ಇರುತ್ತದೆ. ಬೆಳಿಗ್ಗೆ ದನ ಬಿಡುವ ಮುಂಚೆಯೇ ಇದರ ಫೋಟೊ ತೆಗೆಯಿರಿ. ಬೆಳೆಹಾನಿ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಕೊಟ್ಟ ಅರ್ಜಿಯ ನಕಲು ಇದ್ದರೆ ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ಪರಿಹಾರ ಎಷ್ಟು ಸಿಗುತ್ತದೋ ಬಿಡುತ್ತದೋ, ಪ್ರತಿ ಸಲವೂ ಅರ್ಜಿ ಹಾಕಿ ಸ್ವೀಕೃತಿ ಇಟ್ಟುಕೊಳ್ಳಿ. ಬೇಲಿ, ಸೋಲಾರ್ ತಂತಿ, ಕಾವಲು ಮಾಡಿಯೂ ತಡೆಯಲಾಗಿಲ್ಲ ಅನ್ನುವುದನ್ನೂ ಸೇರಿಸಿ.

ಜಮೀನು ಸ್ವಂತದ್ದಲ್ಲ ಅಂತ ಹಿಂಜರಿಯಬೇಡಿ. ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸಬಾರದು ಎಂದು ಕಾಯ್ದೆಯ 14ನೇ ಕಲಂ ನೇರವಾಗಿ ಹೇಳುತ್ತದೆ. ಗುತ್ತಿಗೆದಾರರು ಕರಾರು ಪತ್ರ ಮತ್ತು ಮಾಲೀಕರ ಒಪ್ಪಿಗೆ ಪತ್ರ ಲಗತ್ತಿಸಿದರೆ ಒಳ್ಳೆಯದು.

ಗುರಿ ಅಭ್ಯಾಸದ ಅರ್ಜಿಗೆ ಕ್ಲಬ್ ಸದಸ್ಯತ್ವವೇ ಜೀವಾಳ. ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆ) ಹಬ್ಬದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಬಹುಮಾನ ಗೆದ್ದಿದ್ದೇನೆ ಅನ್ನುವುದು ಹೆಮ್ಮೆಯ ವಿಷಯ, ಆದರೆ ಅದು ಸದಸ್ಯತ್ವಕ್ಕೆ ಬದಲಿ ಅಲ್ಲ. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆ ಇದೆ. ಸದಸ್ಯತ್ವ ಪತ್ರ, ಅಭ್ಯಾಸ ಮಾಡಿದ ದಾಖಲೆ ಜೋಡಿಸಿ. ಹೊಸಬರು ಏರ್ ರೈಫಲ್‌ನಿಂದ ಶುರು ಮಾಡುವುದು ಒಳ್ಳೆಯದು. 4.5 ಮಿ.ಮೀ. ಬೋರ್, 20 ಜೌಲ್ ಒಳಗಿನ ಶಕ್ತಿಯ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ಹಾಗಂತ ಅದರಲ್ಲಿ ಹಕ್ಕಿ, ಅಳಿಲು ಹೊಡೆದರೆ ವನ್ಯಜೀವಿ ಕಾಯ್ದೆಯ ಪ್ರಕರಣ ಮೈಮೇಲೆ ಬರುತ್ತದೆ. ಮಕ್ಕಳ ಕೈಗೆ ಕೊಡುವ ಮುಂಚೆ ಇದನ್ನು ಅವರಿಗೆ ಹೇಳಿ.

ಕಾಗದ ಪತ್ರ

ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಅರ್ಜಿ ಎ-1 ನಮೂನೆಯಲ್ಲಿರಬೇಕು. ಕೇಂದ್ರ ಗೃಹ ಸಚಿವಾಲಯದ ಎನ್‌ಡಿಎಎಲ್-ಎಎಲ್‌ಐಎಸ್ ಪೋರ್ಟಲ್‌ನಲ್ಲಿ ತುಂಬಿ, ಪ್ರತಿಯನ್ನು ದಾಖಲೆಗಳ ಜೊತೆ ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಗೆ ಕೊಡಿ. ಗುರುತಿನ ಚೀಟಿ, ವಿಳಾಸದ ದಾಖಲೆ, ಹುಟ್ಟಿದ ದಿನಾಂಕದ ದಾಖಲೆ, ಫೋಟೊ, ಬೆಳೆಗಾರರಾದರೆ ಪಹಣಿ ಬೇಕು. ಇವೆಲ್ಲ ಮನೆಯಲ್ಲೇ ಇರುತ್ತವೆ. ಓಡಾಟ ಇರುವುದು ಇನ್ನು ಮೂರಕ್ಕೆ. ಎಸ್-3 ನಮೂನೆಯಲ್ಲಿ ವೈದ್ಯರಿಂದ ದೇಹ ಮತ್ತು ಮನಸ್ಸಿನ ಆರೋಗ್ಯದ ಪ್ರಮಾಣಪತ್ರ. ಎಸ್-1 ನಮೂನೆಯಲ್ಲಿ ಸುರಕ್ಷತಾ ತರಬೇತಿ ಮುಗಿಸಿದ ಪತ್ರ. ಎಸ್-2 ನಮೂನೆಯಲ್ಲಿ ಕೋವಿಯನ್ನು ಭದ್ರವಾಗಿ ಇಡುತ್ತೇನೆ ಎಂಬ ಮುಚ್ಚಳಿಕೆ.

ತರಬೇತಿಯನ್ನು ಸುಮ್ನೆ ಕಾಗದಕ್ಕಾಗಿ ಮಾಡಬೇಡಿ. ರಾಜ್ಯದಲ್ಲಿ ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ಮುಂದಿನ ಶಿಬಿರ ಯಾವಾಗ ಎಂದು ನಿಮ್ಮ ಠಾಣೆಯಲ್ಲಿ ಕೇಳಿ. ಅಲ್ಲಿ ಕಲಿಯುವ ಮೊದಲ ಪಾಠ ಗುಂಡು ಹೊಡೆಯುವುದಲ್ಲ, ಕೋವಿ ಖಾಲಿ ಇದೆಯೇ ಅಂತ ನೋಡುವುದು. ನಳಿಗೆಯನ್ನು ಯಾರೂ ಇಲ್ಲದ ಕಡೆ ತಿರುಗಿಸಿ, ಬೆರಳು ಟ್ರಿಗರ್‌ನಿಂದ ಹೊರಗಿಟ್ಟು, ಬೋಲ್ಟ್ (ಗುಂಡು ಕೂರುವ ಜಾಗವನ್ನು ಹಿಂದಿನಿಂದ ಮುಚ್ಚುವ ಭಾಗ) ಪೂರ್ತಿ ಹಿಂದಕ್ಕೆ ಎಳೆದು, ಒಳಗೆ ಕಣ್ಣಿಂದ ನೋಡಿ, ಆಮೇಲೆ ಕಿರುಬೆರಳು ಹಾಕಿ ಮುಟ್ಟಿ ನೋಡಬೇಕು. ‘ಈಗ ತಾನೇ ನೋಡಿದ್ದೇನೆ’ ಅಂತ ಬೇರೆಯವರು ಕೈಗೆ ಕೊಟ್ಟರೂ ಮತ್ತೆ ಮೊದಲಿಂದ ಇಷ್ಟೂ ಮಾಡಬೇಕು.

ಪೊಲೀಸ್ ವಿಚಾರಣೆ, ಆಮೇಲೆ ಅರಣ್ಯ ಇಲಾಖೆ

ಅರ್ಜಿ ನಿಮ್ಮ ಠಾಣೆಗೆ ಬರುತ್ತದೆ. ಪ್ರಕರಣಗಳಿವೆಯೇ, ನೆರೆಯವರೊಂದಿಗೆ ಜಗಳ ಇದೆಯೇ, ಕುಡಿದು ಗಲಾಟೆ ಮಾಡುವವರೇ ಎಂದು ವಿಚಾರಿಸುತ್ತಾರೆ. ಮನೆಗೆ ಬಂದಾಗ ಕೋವಿ ಇಡುವ ಜಾಗ ತೋರಿಸಿ. ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಬೀರು, ತೋಟೆಗೆ ಬೇರೆ ಬೀಗದ ಪೆಟ್ಟಿಗೆ ಮೊದಲೇ ಸಿದ್ಧವಿದ್ದರೆ ಹೇಳುವುದೇನೂ ಉಳಿಯುವುದಿಲ್ಲ. ಹಳೇ ಪ್ರಕರಣ ಇದ್ದರೆ ಅರ್ಜಿಯಲ್ಲೇ ಬರೆಯಿರಿ, ಖುಲಾಸೆ ಆಗಿದ್ದರೂ ಸರಿ. ಮುಚ್ಚಿಟ್ಟದ್ದು ಹೊರಬಂದರೆ ಲೈಸೆನ್ಸ್ ಸಿಕ್ಕ ಮೇಲೂ ರದ್ದಾಗಬಹುದು.

ಕೊಡಗಿನವರು ಮರೆಯುವ ಇನ್ನೊಂದು ಹಂತ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಪ್ರಕಾರ ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಇಲ್ಲದೆ ಹೊಸ ಲೈಸೆನ್ಸ್ ಕೊಡುವಂತಿಲ್ಲ. ರಾಷ್ಟ್ರೀಯ ಉದ್ಯಾನಕ್ಕೂ ಇದೇ ನಿಯಮ. ನಾಗರಹೊಳೆ, ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಸುತ್ತ 10 ಕಿಲೋಮೀಟರ್ ಗೆರೆ ಎಳೆದು ನೋಡಿ. ಕುಟ್ಟ, ಶ್ರೀಮಂಗಲ, ಬಿರುನಾಣಿ, ತಿತಿಮತಿ, ಭಾಗಮಂಡಲ ಹೀಗೆ ಜಿಲ್ಲೆಯ ದೊಡ್ಡ ಪಾಲು ಅದರೊಳಗೆ ಬಂತು. ಕಡತ ತಡವಾಯಿತು ಅಂದರೆ ಠಾಣೆಯಲ್ಲೇ ನಿಂತಿದೆ ಅಂದುಕೊಳ್ಳಬೇಡಿ, ಅರಣ್ಯ ಇಲಾಖೆಗೆ ಹೋಗಿದೆಯೇ ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ. ಇದೇ ಕಲಂ ಪ್ರಕಾರ ಆ ವ್ಯಾಪ್ತಿಯಲ್ಲಿ ಕೋವಿ ಇರುವವರು ಹೆಸರು ನೋಂದಾಯಿಸಬೇಕು, ಅದರಲ್ಲಿ ವಿನಾಯಿತಿ ಪಡೆದವರೂ ಸೇರುತ್ತಾರೆ. ಇದು ನಮ್ಮಲ್ಲಿ ತುಂಬಾ ಜನರಿಗೆ ಗೊತ್ತೇ ಇಲ್ಲ.

ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಲಿಖಿತವಾಗಿ ಕೇಳಿ. ಕಾಯ್ದೆಯ 18ನೇ ಕಲಂನಲ್ಲಿ ಮೇಲ್ಮನವಿಗೆ ಅವಕಾಶ ಇದೆ. ಗಡುವು ಚಿಕ್ಕದು, ಆದೇಶ ಕೈಗೆ ಬಂದ ವಾರದಲ್ಲೇ ವಕೀಲರನ್ನು ನೋಡಿ.

ಲೈಸೆನ್ಸ್ ಸಿಕ್ಕಿತು, ಹಂದಿ ಹೊಡೆಯಬಹುದೇ?

ಹೊಡೆಯುವಂತಿಲ್ಲ. ಕೋವಿ ಇಟ್ಟುಕೊಳ್ಳುವ ಅನುಮತಿ ಬೇರೆ, ಪ್ರಾಣಿ ಕೊಲ್ಲುವ ಅನುಮತಿ ಬೇರೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ವನ್ಯಜೀವಿ ಕಾಯ್ದೆಯ 2ನೇ ಅನುಸೂಚಿಯಲ್ಲಿದೆ, ಅಂದರೆ ರಕ್ಷಿತ ಪ್ರಾಣಿಗಳ ಎರಡನೇ ಪಟ್ಟಿಯಲ್ಲಿ. ಅದು ಜೀವಕ್ಕೆ ಅಥವಾ ನಿಂತ ಬೆಳೆಗೆ ಅಪಾಯ ಅಂತಾದರೆ 11ನೇ ಕಲಂ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಲಿಖಿತ ಅನುಮತಿ ಕೊಡಬಹುದು. ನಿಮ್ಮ ವಲಯ ಅರಣ್ಯಾಧಿಕಾರಿ ಮೂಲಕ ಅರ್ಜಿ ಹಾಕಿ. ಅನುಮತಿ ಪಡೆದು ಹೊಡೆದ ಪ್ರಾಣಿಯೂ ಸರ್ಕಾರದ ಸ್ವತ್ತು. ಮಾಂಸ ಹಂಚಿಕೊಂಡರೆ ಹೊಸ ಪ್ರಕರಣ. ಆನೆಯೂ ನಮ್ಮ ಬಾಳೆ, ಏಲಕ್ಕಿ ತೋಟದ ಮಂಗವೂ ಅತಿ ಹೆಚ್ಚು ರಕ್ಷಣೆ ಇರುವ 1ನೇ ಅನುಸೂಚಿಯವು. ಅವುಗಳ ಮೇಲೆ ಕೋವಿ ಎತ್ತುವ ಮಾತೇ ಇಲ್ಲ. ಉರುಲು, ಸಿಡಿಮದ್ದು ಕೂಡ ಅಪರಾಧ.

ಹಾಗಾದರೆ ಕೋವಿ ಯಾಕೆ ಅಂತ ಕೇಳಬಹುದು. ಅನುಮತಿ ಸಿಕ್ಕ ದಿನ ಕೈಯಲ್ಲಿ ಕೋವಿ ಇರಬೇಕಲ್ಲ, ಅದಕ್ಕೆ. ಬರೀ ಹೆದರಿಸಿ ಓಡಿಸುವುದಷ್ಟೇ ಗುರಿಯಾದರೆ ಬೇಲಿಗೆ ಖರ್ಚು ಮಾಡಿ, ದುಡ್ಡು ಉಳಿಯುತ್ತದೆ.

ಕೋವಿ ಕೈಗೆ ಬಂದ ಮೇಲೆ

ಲೈಸೆನ್ಸ್ ಇರುವ ಅಂಗಡಿಯಲ್ಲೇ ಕೊಂಡು, ಕೋವಿಯ ನಂಬರ್ ಲೈಸೆನ್ಸ್ ಪುಸ್ತಕದಲ್ಲಿ ನಮೂದಾಗಿದೆಯೇ ನೋಡಿಕೊಳ್ಳಿ. ಒಬ್ಬರಿಗೆ ಎರಡೇ ಕೋವಿ, 2019ರ ಮುಂಚೆ ಮೂರಿತ್ತು. ಲೈಸೆನ್ಸ್ ನಿಮ್ಮ ಹೆಸರಿನಲ್ಲಿದ್ದರೆ ತೋಟದ ಲೆಕ್ಕ ನೋಡುವ ರೈಟರ್ ಕೈಗೆ ಕೊಟ್ಟು ‘ಕಾವಲಿಗೆ ಹೋಗು’ ಅನ್ನುವಂತಿಲ್ಲ. ಅವರ ಹೆಸರು ರಿಟೈನರ್ (ನಿಮ್ಮ ಪರವಾಗಿ ಕೋವಿ ಹಿಡಿಯಲು ಅನುಮತಿ ಇರುವವರು) ಎಂದು ಲೈಸೆನ್ಸ್‌ನಲ್ಲಿ ಸೇರಿಸಲು ಮೊದಲೇ ಕೇಳಬೇಕು. ಮದುವೆ ಮನೆಯಲ್ಲಿ ಸಂಭ್ರಮಕ್ಕೆ ಅಂತ ಅಜಾಗರೂಕತೆಯಿಂದ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಳೆದುಹೋದರೆ ಅದೇ ದಿನ ಠಾಣೆಗೆ ತಿಳಿಸಿ. ಲೈಸೆನ್ಸ್‌ದಾರರು ತೀರಿಕೊಂಡರೆ ಮನೆಯವರು ಕೋವಿಯನ್ನು ಬೀರುವಿನಲ್ಲೇ ಬಿಟ್ಟುಬಿಡಬಾರದು, ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಅಂಗಡಿಯಲ್ಲಿ ಠೇವಣಿ ಇಟ್ಟು ವಾರಸುದಾರರ ಹೆಸರಿಗೆ ಅರ್ಜಿ ಹಾಕಬೇಕು.

ಲೈಸೆನ್ಸ್ ಅವಧಿ 5 ವರ್ಷ. ನವೀಕರಣಕ್ಕೆ ಕನಿಷ್ಠ ಎರಡು ತಿಂಗಳು ಮುಂಚೆ ಅರ್ಜಿ ಹಾಕಿ. ಮಳೆಗಾಲದಲ್ಲಿ ಅವಧಿ ಮುಗಿಯುವವರು ಮಾರ್ಚ್ ತಿಂಗಳಲ್ಲೇ ಕೆಲಸ ಮುಗಿಸಿಕೊಳ್ಳಿ. ಜುಲೈನಲ್ಲಿ ಗುಡ್ಡ ಕುಸಿದು ಮಡಿಕೇರಿ ರಸ್ತೆ ಮುಚ್ಚಿತ್ತು ಅಂತ ಹೇಳಿದರೆ ಮುಗಿದ ದಿನಾಂಕ ಮುಂದಕ್ಕೆ ಹೋಗುವುದಿಲ್ಲ.