ಮದುವೆಯ ವಾರ್ಷಿಕೋತ್ಸವ: ಇಬ್ಬರಿಗೂ ಒಪ್ಪುವಂತೆ ಆಚರಿಸುವ ಬಗೆ

ವಾರ್ಷಿಕೋತ್ಸವದ ದಿನ ಮುನಿಸಿನಲ್ಲಿ ಮುಗಿದರೆ ಅದಕ್ಕೆ ಹಣದ ಕೊರತೆ ಕಾರಣವಾಗಿರುವುದು ಅಪರೂಪ. ಒಬ್ಬರಿಗೆ ನಾಲ್ಕು ಜನರನ್ನು ಕರೆದು ಸಂಭ್ರಮಿಸುವ ಆಸೆ, ಇನ್ನೊಬ್ಬರಿಗೆ ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿ ಕೂರುವ ಆಸೆ. ಇಬ್ಬರೂ ಬಾಯಿಬಿಟ್ಟು ಹೇಳಿರುವುದಿಲ್ಲ. ಹಾಗಾಗಿ ಮೊದಲ ಕೆಲಸ ಕೇಳುವುದು.

ಮೂರು ವಾರ ಮುಂಚೆ ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ನಾಲ್ಕು ಪ್ರಶ್ನೆಗೆ ಉತ್ತರ ಬರೆಯಿರಿ: ಜನ ಬೇಕೋ ಬೇಡವೋ, ಮನೆಯಲ್ಲೋ ಹೊರಗೋ, ಎಷ್ಟು ಖರ್ಚು ಮಾಡಬಹುದು, ಆ ದಿನ ಏನು ಆಗಲೇಬಾರದು. ಬರೆದಾದ ಮೇಲೆ ಚೀಟಿ ಅದಲುಬದಲು ಮಾಡಿಕೊಳ್ಳಿ. ಬಾಯಿಮಾತಿನಲ್ಲಿ ಕೇಳಿದರೆ ಎರಡನೆಯವರು ಮೊದಲನೆಯವರ ಉತ್ತರಕ್ಕೆ ಹೊಂದಿಕೊಂಡುಬಿಡುತ್ತಾರೆ, ಮಾತು ‘ನಿಮಗೆ ಹೇಗೆ ಅನ್ನಿಸುತ್ತೋ ಹಾಗೆ’ ಎಂಬಲ್ಲಿಗೆ ನಿಂತುಹೋಗುತ್ತದೆ. ನಾಲ್ಕು ಪ್ರಶ್ನೆಗಳಲ್ಲಿ ಕೊನೆಯದೇ ಹೆಚ್ಚು ಉಪಯೋಗದ್ದು. ‘ಎಲ್ಲರ ಮುಂದೆ ಮೈಕ್ ಕೊಡಬೇಡಿ’, ‘ನಮ್ಮ ಫೋಟೋ ಎಲ್ಲೂ ಹಾಕಬೇಡಿ’ ಎಂಬಂಥ ಮಾತುಗಳು ಹೊರಬರುವುದು ಅಲ್ಲಿಯೇ. ಉತ್ತರಗಳು ಪೂರ್ತಿ ಎದುರುಬದುರಾಗಿದ್ದರೆ ದಿನವನ್ನು ಹಂಚಿಕೊಳ್ಳಿ: ಹಿಂದಿನ ಸಂಜೆ ಜನರಿಗೆ, ಆ ದಿನ ನಿಮ್ಮಿಬ್ಬರಿಗೆ. ಎರಡನ್ನೂ ಒಂದೇ ಸಂಜೆಗೆ ತುರುಕಿದರೆ ಇಬ್ಬರಿಗೂ ಅರ್ಧಂಬರ್ಧ.

ತಾರೀಕು ಕೆಲಸದ ದಿನ ಬಂದರೆ ದೊಡ್ಡ ಕಾರ್ಯಕ್ರಮವನ್ನು ವಾರದ ಕೊನೆಗೆ ಧಾರಾಳವಾಗಿ ಮುಂದೂಡಬಹುದು. ಆದರೆ ನಿಜವಾದ ತಾರೀಕಿನಂದು ಅರ್ಧ ಗಂಟೆಯನ್ನಾದರೂ ಉಳಿಸಿಕೊಳ್ಳಿ. ಆ ದಿನ ಬೆಳಗ್ಗೆ ಒಂದು ಮಾತೂ ಆಡದೆ ಹೊರಟುಹೋದರೆ ಭಾನುವಾರದ ಊಟ ಅದನ್ನು ತುಂಬಿಕೊಡುವುದಿಲ್ಲ. ಫೆಬ್ರುವರಿ 29ರಂದು ಮದುವೆಯಾದವರು 28 ಅಥವಾ ಮಾರ್ಚ್ 1, ಯಾವುದಾದರೂ ಒಂದನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಸರ್‌ಪ್ರೈಸ್ ಮಾಡುವುದಿದ್ದರೆ

ಏನು ಎಂಬುದನ್ನು ಗುಟ್ಟಾಗಿಡಿ, ಯಾವಾಗ ಎಂಬುದನ್ನಲ್ಲ. ಎಷ್ಟು ಗಂಟೆಗೆ ಸಿದ್ಧರಾಗಬೇಕು, ಯಾವ ಥರದ ಬಟ್ಟೆ ಹಾಕಿಕೊಳ್ಳಬೇಕು, ಎಷ್ಟು ನಡೆಯಬೇಕು, ಮನೆಗೆ ಯಾವಾಗ ವಾಪಸ್ ಬರುತ್ತೀವಿ ಎಂಬ ನಾಲ್ಕು ವಿಷಯ ಎರಡು ದಿನ ಮೊದಲೇ ಅವರಿಗೆ ತಿಳಿದಿರಲಿ. ಕೆಲಸ ಮುಗಿಸಿ ಸುಸ್ತಾಗಿ ಬಂದವರ ಮುಂದೆ ಇಪ್ಪತ್ತು ಜನ ಏಕಾಏಕಿ ಚಪ್ಪಾಳೆ ತಟ್ಟಿದರೆ ಅವರ ಮುಖದ ಮೇಲೆ ಬರುವುದು ಸಂತೋಷಕ್ಕಿಂತ ಹೆಚ್ಚಾಗಿ ಮುಜುಗರ.

ಮನೆಯಲ್ಲೇ ಆಚರಿಸುವಾಗ

ಇಲ್ಲಿ ಪದೇ ಪದೇ ಆಗುವ ತಪ್ಪು, ಇಬ್ಬರಲ್ಲಿ ಒಬ್ಬರು ದಿನವಿಡೀ ಅಡುಗೆಮನೆಯಲ್ಲಿ ಕಳೆಯುವುದು. ಹೊಸದಾಗಿ ಪ್ರಯತ್ನಿಸುವ ಅಡುಗೆ ಒಂದೇ ಇರಲಿ. ಉಳಿದವು ಕಣ್ಣುಮುಚ್ಚಿ ಮಾಡಬಲ್ಲವಾಗಿರಲಿ, ಹೆಚ್ಚುವ ರುಬ್ಬುವ ಕೆಲಸ ಹಿಂದಿನ ದಿನವೇ ಮುಗಿದಿರಲಿ. ಊಟದ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ: ಎಂಟಕ್ಕೆ ಊಟವೆಂದರೆ ಏಳೂವರೆಗೆ ಒಲೆ ಆರಿರಬೇಕು, ಏಳರೊಳಗೆ ಸ್ನಾನ, ಬಟ್ಟೆ ಆಗಿರಬೇಕು. ಪಾತ್ರೆ ತೊಳೆಯುವವರು ಯಾರು ಎಂಬುದೂ ಮೊದಲೇ ತೀರ್ಮಾನವಾಗಲಿ. ರಾತ್ರಿ ಹತ್ತು ಗಂಟೆಗೆ ಸಿಂಕ್ ತುಂಬಿದ್ದರೆ ಊಟದ ಸೊಗಸೆಲ್ಲ ಅಲ್ಲೇ ಇಳಿದುಹೋಗುತ್ತದೆ. ಚಿಕ್ಕ ಮಕ್ಕಳಿದ್ದರೆ ಎರಡು ಗಂಟೆಯ ಮಟ್ಟಿಗೆ ಅವರನ್ನು ನೋಡಿಕೊಳ್ಳುವವರನ್ನು ವಾರದ ಮುಂಚೆಯೇ ಕೇಳಿಕೊಳ್ಳಿ. ಯಾರೂ ಸಿಗದಿದ್ದರೆ ಮಕ್ಕಳು ಮಲಗಿದ ಮೇಲಿನ ಹೊತ್ತನ್ನೇ ನೆಚ್ಚಿಕೊಂಡು ಯೋಜನೆ ಹಾಕಿ.

ವರ್ಷಕ್ಕೊಂದು ಪತ್ರ

ಯಾವ ಉಡುಗೊರೆಗಿಂತಲೂ ಹೆಚ್ಚು ಕಾಲ ಬಾಳುವುದು ಇದು. ಒಂದು ಪುಟ ಸಾಕು, ಇನ್ನೂರರಿಂದ ಇನ್ನೂರೈವತ್ತು ಪದ. ಕಳೆದ ವರ್ಷದ ಮೂರು ನಿರ್ದಿಷ್ಟ ಸಂದರ್ಭ ಬರೆಯಿರಿ: ಯಾವ ತಿಂಗಳು, ಎಲ್ಲಿ, ಅವರು ಏನು ಮಾಡಿದರು, ಅದರಿಂದ ನಿಮಗೆ ಏನಾಯಿತು. ನೀವು ಗಮನಿಸಿದ್ದೀರಿ ಎಂದು ಅವರಿಗೆ ಗೊತ್ತೇ ಇಲ್ಲದ ಒಂದು ಸಂಗತಿ ಸೇರಿಸಿ. ಬರುವ ವರ್ಷ ಇಬ್ಬರೂ ಸೇರಿ ಮಾಡಬೇಕೆಂದಿರುವ ಒಂದು ಕೆಲಸವನ್ನೂ ಹೇಳಿ. ‘ನೀನಿಲ್ಲದೆ ನಾನಿಲ್ಲ’ ಎಂಬಂಥ ಸಾಲುಗಳು ಯಾರಿಗೆ ಯಾರು ಬೇಕಾದರೂ ಬರೆಯಬಹುದಾದವು. ‘ನಾನು ಜ್ವರದಲ್ಲಿದ್ದಾಗ ನೀನು ರಾತ್ರಿ ಮೂರು ಸಲ ಎದ್ದು ಬಂದು ಹಣೆ ಮುಟ್ಟಿ ನೋಡಿದೆ’ ಎಂಬುದನ್ನು ನೀವು ಮಾತ್ರ ಬರೆಯಬಲ್ಲಿರಿ. ದೂರು, ‘ಆದರೂ’, ‘ಒಂದು ವಿಷಯ ಬಿಟ್ಟರೆ’ ಇವು ಬೇಡ. ಅವನ್ನು ಮಾತಾಡಲು ವರ್ಷದಲ್ಲಿ ಬೇರೆ ದಿನಗಳಿವೆ.

ವಾರದ ಮುಂಚೆ ಕರಡು ಬರೆದು ಎರಡು ದಿನ ಬಿಟ್ಟು ತಿದ್ದಿ, ಕೈಬರಹದಲ್ಲೇ ಪ್ರತಿ ಮಾಡಿ. ಆಮ್ಲರಹಿತ ಎಂದು ನಮೂದಿಸಿರುವ ಕಾಗದ ಬಳಸಿ. ಆಮ್ಲವಿರುವ ಅಗ್ಗದ ಕಾಗದ ಹಳದಿಗಟ್ಟಿ ಪುಡಿಯಾಗುತ್ತದೆ. ಇಂಕು ಪಿಗ್ಮೆಂಟ್ (ನೀರಿನಲ್ಲಿ ಕರಗದ ಬಣ್ಣದ ಪುಡಿ ಬೆರೆತ) ಬಗೆಯದಾದರೆ ಒಳ್ಳೆಯದು, ಡೈ (ನೀರಿನಲ್ಲಿ ಕರಗುವ ಬಣ್ಣದ) ಇಂಕು ಬೆಳಕಿಗೆ ಮಾಸುತ್ತದೆ, ನೀರು ತಾಗಿದರೆ ಹರಡುತ್ತದೆ. ಸೆಲ್ಲೋಟೇಪ್, ರಬ್ಬರ್ ಬ್ಯಾಂಡ್, ಕಬ್ಬಿಣದ ಪಿನ್ನು ಬೇಡ: ಟೇಪಿನ ಅಂಟು ಕಂದು ಕಲೆ ಬಿಡುತ್ತದೆ, ಪಿನ್ನು ತುಕ್ಕು ಹಿಡಿಯುತ್ತದೆ. ಎಲ್ಲ ವರ್ಷದ ಪತ್ರಗಳೂ ಒಂದೇ ಡಬ್ಬಿಯಲ್ಲಿ, ತೇವವಿಲ್ಲದ ಜಾಗದಲ್ಲಿರಲಿ.

ಪ್ರತಿ ವರ್ಷ ಅದೇ ಜಾಗದಲ್ಲಿ ಒಂದು ಫೋಟೋ

ಮನೆ ಬದಲಾದರೂ ಬದಲಾಗದಂಥ ಚೌಕಟ್ಟು ಆರಿಸಿ: ಒಂದೇ ಕುರ್ಚಿ, ಅಥವಾ ಬಾಗಿಲ ಪಕ್ಕ ನಿಂತು ಒಂದೇ ಭಂಗಿ. ಹಗಲಿನಲ್ಲಿ, ಕಿಟಕಿಯ ಬೆಳಕು ಮುಖಕ್ಕೆ ಬೀಳುವಂತೆ ನಿಲ್ಲಿ. ಕಿಟಕಿ ಬೆನ್ನಿಗಿದ್ದರೆ ಮುಖ ಕಪ್ಪಾಗುತ್ತದೆ. ಫೋನನ್ನು ಎದೆಯಿಂದ ಕಣ್ಣಿನ ಮಟ್ಟದೊಳಗೆ ಭದ್ರವಾಗಿ ನಿಲ್ಲಿಸಿ, ಸುಮಾರು ಎರಡು ಮೀಟರ್ ದೂರ ಬಿಟ್ಟು, ಹಿಂಬದಿಯ ಕ್ಯಾಮೆರಾದಲ್ಲಿ 10 ಸೆಕೆಂಡಿನ ಟೈಮರ್ ಇಟ್ಟು ತೆಗೆಯಿರಿ. ತೀರ ಹತ್ತಿರ ನಿಂತರೆ ಮೂಗು ದೊಡ್ಡದಾಗಿ ಕಾಣುತ್ತದೆ, ಅಂಚಿನಲ್ಲಿರುವವರ ಮುಖ ಎಳೆದಂತಾಗುತ್ತದೆ. ಒಂದು ಕಣ್ಣು ಮಿಟುಕಿಗೆ ಚಿತ್ರ ಹಾಳಾಗುವುದರಿಂದ ಹತ್ತಾದರೂ ತೆಗೆಯಿರಿ.

ಪ್ರಿಂಟ್ ಹಾಕಿಸುವಾಗ ಎರಡು ತೊಂದರೆ ಎದುರಾಗುತ್ತವೆ. ಹೆಚ್ಚಿನ ಫೋನುಗಳ ಚಿತ್ರ 4:3 ಅಳತೆಯದು, 6×4 ಇಂಚಿನ ಪ್ರಿಂಟ್ 3:2 ಅಳತೆಯದು. ಹಾಗಾಗಿ ಚಿತ್ರದ ಅಂಚು ಕತ್ತರಿಸಿಹೋಗುತ್ತದೆ, ತಲೆಯ ಮೇಲೆ ಸಾಕಷ್ಟು ಜಾಗ ಬಿಟ್ಟು ತೆಗೆಯದಿದ್ದರೆ ನೆತ್ತಿಯೇ ಹೋಗುತ್ತದೆ. ಎರಡನೆಯದು ಸ್ಪಷ್ಟತೆ. ಆ ಗಾತ್ರಕ್ಕೆ ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 1800×1200 ಪಿಕ್ಸೆಲ್ ಬೇಕು. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಕುಗ್ಗಿರುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಗಾತ್ರ ಉಳಿಯುತ್ತದೆ.

ಅಪ್ಪ ಅಮ್ಮನ 25 ಅಥವಾ 50ನೆಯ ವರ್ಷ

25ಕ್ಕೆ ಬೆಳ್ಳಿ, 50ಕ್ಕೆ ಚಿನ್ನ ಎಂಬ ಹೆಸರುಗಳು ಎಲ್ಲರಿಗೂ ಗೊತ್ತು. ವಜ್ರ ಮೊದಲು 75ಕ್ಕೆ ಸಲ್ಲುತ್ತಿತ್ತು. ಬ್ರಿಟನ್ನಿನ ರಾಣಿ ವಿಕ್ಟೋರಿಯಾ ಆಳ್ವಿಕೆಯ 60 ವರ್ಷವನ್ನು 1897ರಲ್ಲಿ ವಜ್ರ ಮಹೋತ್ಸವವಾಗಿ ಆಚರಿಸಿದ ಮೇಲೆ 60ಕ್ಕೂ ಅದೇ ಹೆಸರು ನಿಂತಿತು. ಹೆಸರಿಗೆ ತಕ್ಕ ಲೋಹದ ಉಡುಗೊರೆಯನ್ನೇ ಕೊಡಬೇಕೆಂದೇನೂ ಇಲ್ಲ.

ಸಮಾರಂಭವನ್ನು ಮಕ್ಕಳು ನಡೆಸಿದರೂ ಅತಿಥಿಗಳ ಪಟ್ಟಿ ಅಪ್ಪ ಅಮ್ಮನದೇ ಆಗಿರಲಿ, ಅದೂ ಇಬ್ಬರಿಂದಲೂ ಬೇರೆಬೇರೆಯಾಗಿ ಕೇಳಿ ತೆಗೆದುಕೊಂಡದ್ದು. ಒಬ್ಬರ ಹಳೆಯ ಸ್ನೇಹಿತರು ಇನ್ನೊಬ್ಬರ ನೆನಪಿಗೆ ಬರುವುದಿಲ್ಲ. ಮೂರು ತಿಂಗಳ ಮುಂಚೆ ಶುರುಮಾಡಿದರೆ ದೂರದವರಿಗೆ ಪ್ರಯಾಣ ಗೊತ್ತುಮಾಡಿಕೊಳ್ಳಲು ಸಮಯ ಸಿಗುತ್ತದೆ. ಬರುವವರಲ್ಲಿ ಹೆಚ್ಚಿನವರು ವಯಸ್ಸಾದವರು, ಆದ್ದರಿಂದ ಜಾಗ ನೋಡುವಾಗ ಅಲಂಕಾರಕ್ಕಿಂತ ಮೊದಲು ಗಮನಿಸಬೇಕಾದದ್ದು ಶೌಚಾಲಯ ಅದೇ ಮಹಡಿಯಲ್ಲಿದೆಯೇ, ಕುರ್ಚಿಗೆ ಕೈಯಿದೆಯೇ, ಮೆಟ್ಟಿಲಿಲ್ಲದೆ ಒಳಬರಬಹುದೇ ಎಂಬುದನ್ನು. ಕೈಯಿಲ್ಲದ ಕುರ್ಚಿಯಿಂದ ಎದ್ದೇಳುವುದು ಮಂಡಿನೋವಿನವರಿಗೆ ಬಹಳ ಕಷ್ಟ. ಸಂಗೀತದ ಶಬ್ದ ಜೋರಾದರೆ ಕಿವಿ ಮಂದವಾದವರಿಗೆ ಪಕ್ಕದವರ ಮಾತೂ ಕೇಳಿಸುವುದಿಲ್ಲ, ಅವರು ಸುಮ್ಮನೆ ಕೂತು ಎದ್ದು ಹೋಗುತ್ತಾರೆ. ಎರಡೂವರೆ, ಹೆಚ್ಚೆಂದರೆ ಮೂರು ಗಂಟೆ ಸಾಕು. ಭಾಷಣ ನಾಲ್ಕೇ ಜನಕ್ಕೆ, ಒಬ್ಬೊಬ್ಬರಿಗೆ ಮೂರು ನಿಮಿಷ ಎಂದು ಮೊದಲೇ ಹೇಳಿ.

ಹಳೆಯ ಫೋಟೋ ತೋರಿಸುವುದಾದರೆ 60 ಚಿತ್ರ, ತಲಾ 5 ಸೆಕೆಂಡ್, ಒಟ್ಟು ಐದು ನಿಮಿಷ. ಅದಕ್ಕಿಂತ ಉದ್ದವಾದರೆ ಜನ ಫೋನು ತೆಗೆಯುತ್ತಾರೆ. ಚಿಕ್ಕ ಪ್ರಿಂಟುಗಳನ್ನು 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯಂತೆ, ಸ್ಕ್ಯಾನ್ ಮಾಡಿದರೆ ಎರಡರಷ್ಟು ದೊಡ್ಡದಾಗಿ ಅಚ್ಚು ಹಾಕಿಸಬಹುದು. ಚೌಕಟ್ಟಿನ ಗಾಜಿಗೆ ಅಂಟಿಕೊಂಡಿರುವ ಫೋಟೋವನ್ನು ಯಾವ ಕಾರಣಕ್ಕೂ ಎಳೆಯಬೇಡಿ, ಬಣ್ಣದ ಪದರವೇ ಗಾಜಿನ ಜೊತೆ ಕಿತ್ತು ಬರುತ್ತದೆ. ಗಾಜಿನ ಸಮೇತವೇ ಸ್ಕ್ಯಾನ್ ಮಾಡಿ. ಮದುವೆಯ ವಿಡಿಯೋ ಕ್ಯಾಸೆಟ್ಟಿನಲ್ಲಿದ್ದರೆ ಈಗಲೇ ಡಿಜಿಟಲ್‌ಗೆ ಇಳಿಸಿ. ರೀಲಿನ ಮೇಲೆ ಬಿಳಿ ಬೂಷ್ಟು ಕಂಡರೆ ಮನೆಯ ಪ್ಲೇಯರಿಗೆ ಹಾಕದೆ, ಆ ಕೆಲಸ ಬಲ್ಲವರಿಗೆ ಕೊಡಿ. ಬೂಷ್ಟು ಪ್ಲೇಯರಿನಲ್ಲಿ ರೀಲನ್ನು ಓದುವ ಭಾಗವಾದ ಹೆಡ್ಡಿಗೆ ಮೆತ್ತಿಕೊಂಡು ಮುಂದೆ ಹಾಕುವ ಕ್ಯಾಸೆಟ್ಟುಗಳನ್ನೂ ಕೆಡಿಸುತ್ತದೆ. ಫೈಲು ಬಂದ ಮೇಲೆ ಎರಡು ಪ್ರತಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿಡಿ.

ಇಬ್ಬರೂ ಒಂದೆಡೆ ಇರದಾಗ

ಕೆಲಸದ ಸಲುವಾಗಿ ದೂರವಿರುವವರು ಪತ್ರವನ್ನು ಎರಡು ವಾರ ಮುಂಚೆ ಅಂಚೆಗೆ ಹಾಕಿ, ಆ ದಿನ ವಿಡಿಯೋ ಕಾಲ್‌ನಲ್ಲಿ ಇಬ್ಬರೂ ಒಟ್ಟಿಗೆ ತೆರೆದು ಓದಿ. ಹೊತ್ತು ಗೊತ್ತುಮಾಡುವಾಗ ಎರಡೂ ಊರಿನ ಸಮಯ ಬರೆದುಕೊಳ್ಳಿ. ‘ಸಂಜೆ ಎಂಟು’ ಎಂದರೆ ಯಾರ ಸಂಜೆ ಎಂಬ ಗೊಂದಲದಲ್ಲಿ ಕರೆ ತಪ್ಪಿಹೋಗುವುದುಂಟು.

ಕಾಯಿಲೆ, ಸಾವು, ಸಾಲ ಬಂದ ವರ್ಷ ಆಚರಣೆಯನ್ನು ಪೂರ್ತಿ ಕೈಬಿಡುವುದಕ್ಕಿಂತ ಪತ್ರಕ್ಕೂ ಫೋಟೋಕ್ಕೂ ಇಳಿಸಿಕೊಳ್ಳುವುದು ಮೇಲು. ಇಬ್ಬರಲ್ಲಿ ಒಬ್ಬರು ತೀರಿಕೊಂಡಿದ್ದರೆ, ನೋವಾದೀತೆಂದು ಆ ತಾರೀಕನ್ನು ಮರೆತವರಂತೆ ನಟಿಸಬೇಡಿ. ಉಳಿದವರಿಗೆ ಅದು ನೆನಪಿದ್ದೇ ಇರುತ್ತದೆ. ಎರಡು ದಿನ ಮುಂಚೆ ಫೋನ್ ಮಾಡಿ, ‘ಆ ದಿನ ನಾನು ಬರಲೇ, ಅಥವಾ ಒಬ್ಬರೇ ಇರಬೇಕೆನ್ನಿಸುತ್ತದೆಯೇ?’ ಎಂದು ನೇರವಾಗಿ ಕೇಳಿ, ಅವರು ಹೇಳಿದ ಹಾಗೆ ನಡೆದುಕೊಳ್ಳಿ.