ಬಾರ್‌ಗೂ ಫೈನಾನ್ಸ್‌ಗೂ ಕೊಡದೆ ಮೂರು ಶಟರ್ ತುಂಬಿಸಿದೆ

ದಾವಣಗೆರೆಯ ಪಿ.ಬಿ. ರಸ್ತೆ ಹತ್ತಿರ ನಮ್ಮ ಮೂರು ಶಟರ್ ಇವೆ. ಹೆಂಡ, ಬಡ್ಡಿ ಇಸ್ಲಾಮಿನಲ್ಲಿ ಹರಾಮ್, ಅಂದರೆ ನಿಷಿದ್ಧ; ಅಂಥ ವ್ಯಾಪಾರಕ್ಕೆ ಕೊಡಲ್ಲ ಅಂತ ನಾನು. 'ಹಲಾಲ್-ಹರಾಮ್ ಅಂತ ಕೂತ್ರೆ ಜೇಡ ಬಲೆ ಕಟ್ಟುತ್ತೆ' ಎಂದು ಅಣ್ಣ ನಗುತ್ತಿದ್ದ. ಎರಡು ವರ್ಷದಿಂದ ಒಂದೂ ಖಾಲಿ ಬಿದ್ದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಚೆನ್ನಾಗಿ ಏಟು ತಿಂದೆ. 'ಫ್ಯಾಮಿಲಿ ರೆಸ್ಟೋರೆಂಟ್' ಎಂದವನಿಗೆ ನಡುವಿನ ಶಟರ್ ಕೊಟ್ಟೆ. ಅಡ್ವಾನ್ಸ್ ಎರಡೂವರೆ ಲಕ್ಷ, ಬಾಡಿಗೆ 22 ಸಾವಿರ ಇರಬೇಕು. ನಾಲ್ಕನೇ ತಿಂಗಳು ಸಿಎಲ್-9, ಅಂದರೆ ಬಾರ್ ಲೈಸೆನ್ಸ್‌ಗೆ ಒಪ್ಪಿಗೆ ಪತ್ರ ಕೇಳಿದ. ನಾನು ಸಹಿ ಹಾಕಲಿಲ್ಲ. ಅವನು ಲೈಸೆನ್ಸ್ ಇಲ್ಲದೆಯೇ ಹಿಂದಿನ ಕೌಂಟರ್‌ನಲ್ಲಿ ಗ್ಲಾಸ್ ತುಂಬಿಸತೊಡಗಿದ. ನನ್ನ ಕರಾರಿನಲ್ಲಿದ್ದದ್ದು 'ಹೋಟೆಲ್ ವ್ಯಾಪಾರ' ಅಷ್ಟೇ. ಬಿಡಿಸಲು ಏಳು ತಿಂಗಳು, ವಕೀಲರಿಗೆ 40 ಸಾವಿರ. ಆಮೇಲೆ ವರ್ಷಕ್ಕೂ ಮೇಲೆ ಖಾಲಿ.

ಆಗ ಅಣ್ಣ ಹನಫಿ ಪಂಥದ ಮೂಲಗುರು ಇಮಾಮ್ ಅಬು ಹನೀಫಾರ ಮಾತು ತಂದ. ಪಾಪ ಬಾಡಿಗೆದಾರನ ಸ್ವಂತ ಕೆಲಸ, ಮಾಲೀಕನದಲ್ಲ ಅಂತ. ನಿಜವೇ. ಆದರೆ ಅವರು ಹೇಳಿದ್ದು ಮುಸ್ಲಿಮೇತರರೇ ಹೆಚ್ಚಿದ್ದ ಇರಾಕಿನ ಸವಾದ್ ಹಳ್ಳಿಗಳ ಬಗ್ಗೆ. ಅವರ ಶಿಷ್ಯರಾದ ಅಬು ಯೂಸುಫ್, ಮುಹಮ್ಮದ್ ಇಬ್ಬರೂ ಅದನ್ನು ಒಪ್ಪಲಿಲ್ಲ. ನಾನು ಶಿಷ್ಯರ ಕಡೆ.

ಏಟು ತಿಂದವನು ಅತಿಗೆ ಹೋದೆ. ಗಡ್ಡ ಬೋಳಿಸ್ತಾನೆ ಅಂತ ಸಲೂನ್‌ನವನನ್ನು, ಬೀಡಿ ಮಾರ್ತಾನೆ ಅಂತ ಕಿರಾಣಿಯವನನ್ನು ವಾಪಸ್ ಕಳಿಸಿದೆ. ಮುಫ್ತಿ ಸಾಹೇಬರು, 'ಅಂಗಡಿ ಕೊಡ್ತಿದ್ದೀರೋ, ಅಳಿಯನನ್ನ ಹುಡುಕ್ತಿದ್ದೀರೋ?' ಎಂದರು. ಹಳೆಯ ಹನಫಿ ವಿದ್ವಾಂಸ ಸರಖ್ಸಿ ಬರೆದದ್ದನ್ನು ನೆನಪಿಸಿದರು: ವಾಸಕ್ಕೆಂದು ಮನೆ ಕೊಟ್ಟಾಗ ಮುಸ್ಲಿಮೇತರ ಬಾಡಿಗೆದಾರ ಒಳಗೆ ಕುಡಿದರೆ ಮಾಲೀಕನಿಗೆ ಪಾಪವಿಲ್ಲ, ಅವನು ಕೊಟ್ಟದ್ದು ಅದಕ್ಕಲ್ಲವಲ್ಲ. ಅಂದಿನಿಂದ ಮುಖ್ಯ ವ್ಯಾಪಾರ ಏನು ಅಂತ ಮಾತ್ರ ನೋಡುತ್ತೇನೆ. ಕಿರಾಣಿಯವನು ಮತ್ತೆ ಬಂದ. ಫೈನಾನ್ಸ್‌ನವನು 8 ಸಾವಿರ ಜಾಸ್ತಿ ಕೊಡ್ತೀನಿ ಅಂದರೂ ಬೇಡವೆಂದೆ. ಅವನ ಮುಖ್ಯ ವ್ಯಾಪಾರವೇ ಬಡ್ಡಿ.

ಕರಾರು ಅದೇ 11 ತಿಂಗಳದ್ದು. ಈಗ ಏನು ಮಾಡಬಾರದು ಅಂತ ಪಟ್ಟಿ ಬರೆಯಲ್ಲ, ಏನು ಮಾಡಬೇಕು ಅಂತ ಬರೆಯುತ್ತೇನೆ: 'ಹಾರ್ಡ್‌ವೇರ್ ಮಾರಾಟ ಮಾತ್ರ'. ಧರ್ಮದ ಮಾತು ಒಂದೂ ಇಲ್ಲ, ಯಾರಿಗೂ ಮುಜುಗರವಿಲ್ಲ. ಅದರ ಕೆಳಗಿನ ಇನ್ನೊಂದು ಸಾಲೇ ನಿಜವಾದ ಬೀಗ. ಅದನ್ನು ಇಲ್ಲಿ ಹೇಳಲ್ಲ. ಬಾಡಿಗೆ ಮಾತ್ರ ಪಕ್ಕದವರಿಗಿಂತ ಎರಡು ಸಾವಿರ ಕಮ್ಮಿ ಇಟ್ಟಿದ್ದೇನೆ.

ಮಧ್ಯೆ ಮೇಲಿನ ಮನೆಯನ್ನು 6 ಲಕ್ಷಕ್ಕೆ ಭೋಗ್ಯಕ್ಕೆ ಹಾಕಿ ನೋಡಿದೆ, ಬಾಡಿಗೆ ಇಲ್ಲ. ಆ ದುಡ್ಡು ನೀವು ತಗೊಂಡ ಸಾಲ, ಪುಕ್ಕಟೆ ವಾಸ ಸಾಲದ ಮೇಲಿನ ಲಾಭ, ಅದೂ ಬಡ್ಡಿಯೇ ಅಂದರು ಮುಫ್ತಿಗಳು. ಬಾರ್ ಬಿಟ್ಟು ಬಡ್ಡಿಗೆ ಬಿದ್ದಿದ್ದೆ! ದುಡ್ಡು ತಿರುಗಿಸಲು ಹೆಂಡತಿಯ ಬಳೆ ಮಾರಿದ್ದಾಯಿತು. ಆ ಮಾತು ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಹಿಂದಿನ ಕೌಂಟರ್ ಮೇಲೆ ಗ್ಲಾಸಿನ ಉಂಗುರದ ಕಲೆ ಹಾಗೇ ಇದೆ. ಅದರ ಮೇಲೆ ಈಗ ಮೊಳೆ ತೂಗುತ್ತಾರೆ. ಕಳೆದ ತಿಂಗಳು ಅಣ್ಣ ತನ್ನ ಮಳಿಗೆಗೆ ಅಂತ ನನ್ನ ಕರಾರಿನ ಝೆರಾಕ್ಸ್ ಕೇಳಿದ. ಕೊಟ್ಟೆ. ಝೆರಾಕ್ಸ್ ದುಡ್ಡೂ ತಗೊಂಡೆ.